ಸಂತೆ ಉಳಿಸಿಕೊಂಡ ಊರು

ಊರೊಂದು ವಾಸಯೋಗ್ಯವೆನಿಸುವುದು ಯಾವ ಗುಣದಿಂದ? ಅಗಲವಾದ ರಸ್ತೆ, ಎತ್ತರವಾದ ಕಟ್ಟಡಗಳಿಂದಲೇ ಊರಿನ ಹಿರಿಮೆಯನ್ನು ಅಳೆಯುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಈ ಅಳತೆಗೋಲು ಸಾಲದೆಂಬುದಕ್ಕೆ ಇಂಗ್ಲೆಂಡಿನ ಲಡ್ಲೋ ಎಂಬ ಸಣ್ಣ ಪಟ್ಟಣವನ್ನು ಈ ತಿಂಗಳು ನಿದರ್ಶನವಾಗಿ ಎತ್ತಿಕೊಳ್ಳುತ್ತೇವೆ.

ಸುಮಾರು 10,000 ಜನವಸತಿಯ ಲಡ್ಲೋ, ಶ್ರಾಪ್‌ಶೈರ್ ಪ್ರಾಂತದಲ್ಲಿ ವೇಲ್ಸಿನ ಗಡಿಗೆ ಸಮೀಪದಲ್ಲಿದೆ. ಅದೂ ನಮ್ಮಂತೆ ಗಡಿಸೀಮೆಯ ಊರು. 11ನೆಯ ಶತಮಾನದ ಕೊನೆಗೆ ನಾರ್ಮನ್ನರು ಟೀಮ್ ನದಿಯ ಮೇಲಣ ದಿಬ್ಬದಲ್ಲಿ ಕೋಟೆ ಕಟ್ಟಿದರು. ಕೋಟೆಯ ಬಾಗಿಲಲ್ಲಿ ಸಂತೆ ನೆರೆಯಿತು. ಸಂತೆಯ ಸುತ್ತ ಊರು ಬೆಳೆಯಿತು. ಉಣ್ಣೆ ಬಟ್ಟೆಯ ವ್ಯಾಪಾರ ಸಿರಿಯನ್ನು ತಂದಿತು. ವೇಲ್ಸನ್ನೂ ಗಡಿನಾಡನ್ನೂ ನಿರ್ವಹಿಸುತ್ತಿದ್ದ ರಾಜಮಂಡಲಿಯ ಪೀಠವೂ ಇಲ್ಲಿಯೇ ಇದ್ದಿತು. 1689ರಲ್ಲಿ ಆ ಮಂಡಲಿ ರದ್ದಾಯಿತು; ಕೋಟೆ ಪಾಳುಬಿದ್ದಿತು. ಅಧಿಕಾರ ಹೋಯಿತು, ಸಂತೆ ಹೋಗಲಿಲ್ಲ.

ಇಂದಿಗೂ ಸೋಮ, ಬುಧ, ಶುಕ್ರ, ಶನಿವಾರಗಳಲ್ಲಿ ಕೋಟೆಯ ಮುಂದಿನ ಚೌಕದಲ್ಲಿ ಅಂಗಡಿಗಳು ಹರಡಿಕೊಳ್ಳುತ್ತವೆ. ಚೌಕದ ನಡುವೆ 19ನೆಯ ಶತಮಾನದಲ್ಲಿ ಎದ್ದಿದ್ದ ಪುರಭವನವನ್ನು 1986ರಲ್ಲಿ ಕೆಡವಲಾಯಿತು. ಆ ಜಾಗದಲ್ಲಿ ಮತ್ತೊಂದು ಸೌಧ ಏಳಲಿಲ್ಲ, ಸಂತೆಗೆ ಬಯಲು ದೊರೆಯಿತು. ಸುಮಾರು 500 ಹಳೆಯ ಕಟ್ಟಡಗಳಿಗೆ ಕಾನೂನಿನ ರಕ್ಷಣೆಯಿದೆ. ಅವು ವಸ್ತುಸಂಗ್ರಹಾಲಯದ ಗೊಂಬೆಗಳಲ್ಲ, ಜನರು ಬಾಳುವ ಮನೆಗಳು, ವ್ಯಾಪಾರದ ಮಳಿಗೆಗಳು. ರೈಲು ನಿಲ್ದಾಣ, ಇಗರ್ಜಿ, ಗ್ರಂಥಾಲಯ, ಅಂಗಡಿಗಳೆಲ್ಲವೂ ನಡೆದು ಹೋಗುವಷ್ಟು ಹತ್ತಿರ. ಎಲ್ಲರೂ ನಡೆಯುವ ಊರಿನಲ್ಲಿ ಎಲ್ಲರೂ ಎದುರುಬದುರಾಗುತ್ತಾರೆ, ಕುಶಲ ವಿಚಾರಿಸುತ್ತಾರೆ. ಮುದುಕರಿಗೂ ಮಕ್ಕಳಿಗೂ ಇದಕ್ಕಿಂತ ದೊಡ್ಡ ಅನುಕೂಲ ಯಾವುದು? ಇಟಲಿಯಲ್ಲಿ 1999ರಲ್ಲಿ ಆರಂಭವಾದ 'ನಿಧಾನದ ಊರುಗಳ' ಸಂಘಕ್ಕೆ 2003ರಲ್ಲಿ ಬ್ರಿಟನ್ನಿನಿಂದ ಮೊದಲು ಸೇರಿದ ಊರು ಇದೇ.

ಆದರೆ ಚೆಲುವಿಗೂ ಒಂದು ಬೆಲೆಯುಂಟು. ಇಂತಹ ಊರುಗಳನ್ನು ಮೆಚ್ಚಿ ಹಣವುಳ್ಳ ನಿವೃತ್ತರು ಬಂದು ನೆಲಸುತ್ತಾರೆ; ಮನೆಗಳ ಬೆಲೆ ಏರುತ್ತದೆ; ಅಲ್ಲಿಯೇ ಹುಟ್ಟಿದ ದುಡಿಮೆಗಾರನ ಮಗನಿಗೆ ಸೂರು ಎಟುಕದಾಗುತ್ತದೆ. ತರುಣರು ಬಿಟ್ಟುಹೋದರೆ ಊರು ಚಿತ್ರಪಟವಾದೀತೇ ಹೊರತು ಊರಾಗಿ ಉಳಿಯದು.

ಗಡಿಯ ಗೆರೆಯನ್ನು ಎಳೆಯುವವರು ದೂರದಲ್ಲಿರುತ್ತಾರೆ. ನಮ್ಮ ಕೈಯಲ್ಲಿರುವುದು ವಾರದ ಸಂತೆ, ವಾಚನಾಲಯ, ಶಾಲೆ, ನಡೆದಾಡುವ ಬೀದಿ. ಲಡ್ಲೋ ರಾಜಪೀಠವನ್ನು ಕಳೆದುಕೊಂಡೂ ಬಾಳಿತು. ಸಂತೆಯ ಬಯಲನ್ನು ಮಾರಿಕೊಂಡು ಬಾಳುವೆವೇ ಎಂಬುದನ್ನು ನಾವು, ಈ ಗಡಿಯ ಕನ್ನಡಿಗರು, ಯೋಚಿಸಬೇಕಾಗಿದೆ.