ಟ್ಯಾಂಕಿನೊಳಗಣ ತುಕ್ಕು

ಹಲಸೂರಿನ ನಮ್ಮ ಮನೆಯ ಹಿತ್ತಿಲಲ್ಲಿ, ತಗಡಿನ ಮಾಡಿನ ಕೆಳಗೆ, ಹನ್ನೊಂದು ವರ್ಷಗಳಿಂದ ಒಂದು ಯೆಜ್ಡಿ ಮೋಟಾರು ಸೈಕಲ್ಲು ನಿಂತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. 1961ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಆದರೆ ಕಿಕ್ಕರನ್ನೇ ಮುಂದಕ್ಕೆ ಬಾಗಿಸಿ ಗೇರು ಹಾಕುವ ಆ ಗಾಡಿಯನ್ನು ಬಲ್ಲವರು ಅದರ ಸದ್ದನ್ನು ಇಂದಿಗೂ ಮರೆತಿಲ್ಲ. ಅದು ನನ್ನದಲ್ಲ, ತಮ್ಮನದು. ತಂದೆಯವರ ಮನೆಯ ಪಾಲಿನ ವಿಷಯವಾಗಿ ಮಾತಿಗೆ ಮಾತು ಬೆಳೆದು ಅವನು ಕೆ.ಆರ್. ಪುರಕ್ಕೆ ಹೊರಟುಹೋದ ದಿನ, ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟು ಹೋದ. ನಾನು ಕರೆಯಲಿಲ್ಲ, ಅವನು ಬರಲಿಲ್ಲ.

ಗಾಡಿಯನ್ನು ನಾನು ಅಲಕ್ಷಿಸಿದೆನೆಂದು ಯಾರೂ ಹೇಳುವಂತಿರಲಿಲ್ಲ. ಪ್ರತಿ ಭಾನುವಾರ ಒರೆಸುತ್ತಿದ್ದೆ. ಟ್ಯಾಂಕಿನ ಕೆಂಪು ಬಣ್ಣ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಕಳೆದ ವರ್ಷ ಮೊಮ್ಮಗ ಓಡಿಸಿ ನೋಡಲೇಬೇಕೆಂದು ಹಠ ಹಿಡಿದಾಗ ಶಿವಾಜಿನಗರದ ಗುಜರಿ ಅಂಗಡಿಗಳ ಬಳಿ ಬಹುಕಾಲದಿಂದ ಕೆಲಸ ಮಾಡುತ್ತಿರುವ ಹಿರಿಯ ಮೆಕ್ಯಾನಿಕರೊಬ್ಬರನ್ನು ಕರೆತಂದೆ. ಅವರು ಮುಚ್ಚಳ ತೆಗೆದು ಟಾರ್ಚು ಬಿಟ್ಟು ನಕ್ಕರು: “ಮೇಷ್ಟ್ರೇ, ಮೇಲೆ ನೋಡಿದ್ರೆ ಮದುವೆ ಗಂಡು. ಒಳಗೆ ನೋಡಿ ಈಗ.”

ಒಳಗೆ ಹಕ್ಕಳೆಹಕ್ಕಳೆಯಾಗಿ ಕಡುಕೆಂಪು ತುಕ್ಕು. ತಮ್ಮ ಬಿಟ್ಟುಹೋದ ಅರ್ಧ ಟ್ಯಾಂಕು ಪೆಟ್ರೋಲು ವರ್ಷಗಳಲ್ಲಿ ಆರಿಹೋಗಿ, ತಳದಲ್ಲಿ ಅಂಟಿನಂತಹ ಪದರವಾಗಿತ್ತು. ಮೆಕ್ಯಾನಿಕರು ವಿವರಿಸಿದರು. ಪೆಟ್ರೋಲಿನಲ್ಲಿ ಮುಳುಗಿದ ಕಬ್ಬಿಣ ಬೇಗ ಕೆಡುವುದಿಲ್ಲ. ಖಾಲಿ ಬಿಟ್ಟ ಭಾಗಕ್ಕೆ ಗಾಳಿಯೊಡನೆ ತೇವ ನುಗ್ಗುತ್ತದೆ, ರಾತ್ರಿಯ ತಂಪಿಗೆ ಅದು ಹನಿಯಾಗುತ್ತದೆ, ಪೆಟ್ರೋಲಿಗಿಂತ ಭಾರವಾದ ಆ ನೀರು ತಳ ಸೇರಿ ಅಲ್ಲಿಯೇ ಕುಳಿತು ತಿನ್ನುತ್ತದೆ. ಈಗಿನ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ತೇವವನ್ನು ಇನ್ನಷ್ಟು ಸೆಳೆಯುವುದರಿಂದ ಗಾಡಿಯನ್ನು ಬಹಳ ದಿನ ನಿಲ್ಲಿಸುವವರು ಎಚ್ಚರದಿಂದಿರಬೇಕಂತೆ.

ಕರ್ಮರಜವು ಆತ್ಮಕ್ಕೆ ಅಂಟುವಂತೆ ಮಾಡುವುದನ್ನು ನಮ್ಮ ಆಚಾರ್ಯರು ‘ಕಷಾಯ’ ಎಂದು ಕರೆದದ್ದೇಕೆಂದು ಪಾಠಶಾಲೆಯ ಮಕ್ಕಳಿಗೆ ಎಷ್ಟೋ ಬಾರಿ ಹೇಳಿಕೊಟ್ಟವನು ನಾನು. ಆ ಅಂಟನ್ನು ಬೆರಳಿನಿಂದ ಮುಟ್ಟಿ ನೋಡಿದ್ದು ಅಂದೇ ಮೊದಲು.

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಕ್ರೋಧವನ್ನು ನಾಲ್ಕು ಬಗೆಯ ಗೆರೆಗಳಿಗೆ ಹೋಲಿಸಿದ್ದಾರೆ. ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನದು, ಧೂಳಿನ ಮೇಲಿನದು, ನೀರಿನ ಮೇಲಿನದು. ಕಷಾಯದ ವಾಸನೆ ಎಷ್ಟು ಕಾಲ ಉಳಿಯುತ್ತದೆಂಬ ಲೆಕ್ಕವನ್ನೂ ಕೊಟ್ಟಿದ್ದಾರೆ. ಸಂಜ್ವಲನದ್ದು ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಅದನ್ನೂ ಮೀರಿ ಭವಭವಗಳವರೆಗೆ ಎಳೆಯುವುದು ಅನಂತಾನುಬಂಧಿ. ಅದು ಸಮ್ಯಕ್ತ್ವವನ್ನೇ ಕೆಡಿಸುವಂಥದು. ಹನ್ನೊಂದು ವರ್ಷಗಳಲ್ಲಿ ಎಷ್ಟು ಆರು ತಿಂಗಳುಗಳಿವೆ ಎಂದು ಎಣಿಸಲು ಬಿ.ಎಡ್. ಬೇಕಾಗಿಲ್ಲ. ನಿತ್ಯ ಅಭಿಷೇಕ, ಪೂಜೆ, ಚತುರ್ದಶಿಯ ಉಪವಾಸ ಯಾವುದನ್ನೂ ತಪ್ಪಿಸದ ನಾನು ಆ ಎಣಿಕೆಯನ್ನು ಮಾತ್ರ ಮಾಡಿರಲಿಲ್ಲ.

ಕ್ಷಮಾವಣಿಯಂದು ತಮ್ಮನಿಗೂ ಸಂದೇಶ ಹೋಗುತ್ತಿತ್ತು, ನಿಜ. ಮೊಬೈಲಿನಲ್ಲಿರುವ ಮುನ್ನೂರು ಜನರಿಗೆ ಹೋಗುವ ಅದೇ ಚಿತ್ರ, ಅದೇ ಕೈಮುಗಿದ ಹಸ್ತಗಳು. ಅವನಿಂದಲೂ ಅಂಥದೇ ಒಂದು ಬರುತ್ತಿತ್ತು. ನಾವು ಯಾರಿಗೆ ಏನೂ ಅಪರಾಧ ಮಾಡಿಲ್ಲವೋ ಅವರೊಡನೆ ಕ್ಷಮೆ ಕೇಳುವುದು ಬಹು ಸುಲಭ. ಆ ಮುನ್ನೂರರ ನಡುವೆ ನಿಜವಾಗಿ ಕೇಳಬೇಕಾದ ಒಬ್ಬನನ್ನು ಅಡಗಿಸಿಬಿಡುವುದು ಇನ್ನೂ ಸುಲಭ. ಈ ಪದ್ಧತಿಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದು ಭಾನುವಾರ ಬಟ್ಟೆ ಹಿಡಿದು ಟ್ಯಾಂಕಿನ ಹೊರಮೈ ಒರೆಸುವ ಕೆಲಸವೆಂದು ಒಪ್ಪಿಕೊಳ್ಳೋಣ ಎನ್ನುತ್ತಿದ್ದೇನೆ.

ದುರಸ್ತಿಗೆ ಎರಡು ದಿನ ಹಿಡಿಯಿತು. ಕಾಕ್ ಬಿಚ್ಚಿ, ಅಂಟನ್ನು ಪೆಟ್ರೋಲಿನಲ್ಲಿ ನೆನೆಸಿ ತೊಳೆದರು. ಒಂದು ಹಿಡಿ ನಟ್ಟುಗಳನ್ನು ಒಳಗೆ ಹಾಕಿ, ಟ್ಯಾಂಕನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಸರದಿಯಂತೆ ನಾವಿಬ್ಬರೂ ಅಲುಗಾಡಿಸಿದೆವು. ಆ ಗಲಾಟೆಗೆ ನೆರೆಮನೆಯವರು ಬಂದು ನೋಡಿಹೋದರು. ಬಳಿಕ ಫಾಸ್ಫಾರಿಕ್ ಆಮ್ಲವನ್ನು ನೀರಿನಲ್ಲಿ ಬೆರೆಸಿ ಒಂದು ರಾತ್ರಿ ತುಂಬಿಟ್ಟು, ಬೆಳಿಗ್ಗೆ ಅಡುಗೆ ಸೋಡಾದ ನೀರಿನಿಂದ ತೊಳೆದದ್ದಾಯಿತು. ತುಕ್ಕು ಹೋದ ಮೇಲೆಯೇ ತಳದ ಸೂಜಿಮೊನೆಯಷ್ಟು ತೂತು ಕಾಣಿಸಿದ್ದು. ಅಷ್ಟು ದಿನ ಅದನ್ನು ಮುಚ್ಚಿದ್ದುದು ತುಕ್ಕೇ. ಬರಿದಾದ ಟ್ಯಾಂಕಿನಲ್ಲಿ ಉಳಿದ ಆವಿಯೂ ಕಿಡಿ ತಾಗಿದರೆ ಸಿಡಿಯುತ್ತದೆಯಾದ್ದರಿಂದ, ಹಲವು ಸಲ ತೊಳೆದು, ತೂತಿನ ಸಮೀಪದವರೆಗೆ ನೀರು ತುಂಬಿಸಿಯೇ ಅವರು ಬೆಸುಗೆಗೆ ಕೈಹಾಕಿದರು.

ತೊಳೆದ ನೀರನ್ನು ಚರಂಡಿಗೆ ಸುರಿಯಲು ಹೊರಟವರನ್ನು ನಾನು ತಡೆದೆ. ಪ್ರತಿಷ್ಠಾಪನ ಸಮಿತಿಯನ್ನು ಹೇಳಿರುವುದು ಮುನಿಗಳಿಗೆ. ಆದರೂ ಬಿಸಾಡುವ ವಸ್ತು ಯಾವ ಜೀವಿಯ ಮೇಲೆ ಬೀಳುತ್ತದೆಂದು ನೋಡುವುದು ಶ್ರಾವಕನಿಗೂ ಸಲ್ಲುವ ನಡೆ. ಆಮ್ಲಕ್ಕೆ ಸಾಕಷ್ಟು ಸೋಡಾ ಬೆರೆಸಿ ಶಮನಗೊಳಿಸಿ, ರಾಡಿಯನ್ನು ಬಟ್ಟೆಯಲ್ಲಿ ಸೋಸಿ, ಪೆಟ್ರೋಲಿನ ಕೊಳೆಯನ್ನು ಡಬ್ಬದಲ್ಲಿ ಅವರ ಕೈಗೇ ಕೊಟ್ಟೆ.

ಮುಖ್ಯವಾದದ್ದು ಆಮೇಲೆ ನಡೆಯಿತು. ಒಳಮೈ ಬೆಳ್ಳಗೆ ಹೊಳೆಯುತ್ತಿರುವುದನ್ನು ಕಂಡು ಕೆಲಸ ಮುಗಿಯಿತೆಂದು ಊಟಕ್ಕೆ ಎದ್ದೆ. “ಹಾಗೇ ಬಿಟ್ಟು ಹೋಗ್ಬೇಡಿ ಸಾರ್, ಊಟ ಮುಗಿಸಿ ಬರೋಷ್ಟರಲ್ಲಿ ಮತ್ತೆ ಕೆಂಪಗಾಗಿರುತ್ತೆ” ಎಂದರು. ಉಜ್ಜಿ ಬತ್ತಲಾದ ಕಬ್ಬಿಣವು ಹಳೆಯ ಕಬ್ಬಿಣಕ್ಕಿಂತ ಬೇಗ ತುಕ್ಕು ಹಿಡಿಯುತ್ತದಂತೆ. ಕೂಡಲೇ ಬಿಸಿಗಾಳಿಯಿಂದ ಒಣಗಿಸಿ, ಎಣ್ಣೆ ಸವರಿ, ಬಾಯಿಯವರೆಗೆ ಎಣ್ಣೆ ಬೆರೆಸಿದ ಪೆಟ್ರೋಲು ತುಂಬಿಸಿದೆವು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಏಳು ತತ್ತ್ವಗಳನ್ನು ಹೇಳುವಾಗ ನಿರ್ಜರೆಗಿಂತ ಮೊದಲು ಸಂವರವನ್ನು ಇಟ್ಟರು. ನಾವು ದಶಲಕ್ಷಣ ಪರ್ವದ ಹತ್ತು ದಿನ ಉಪವಾಸ, ಏಕಾಶನಗಳಿಂದ ಉಜ್ಜಿಕೊಳ್ಳುತ್ತೇವೆ. ಹನ್ನೊಂದನೆಯ ದಿನ ಕಾವಲಿಲ್ಲದೆ ಬಿಟ್ಟುಬಿಡುತ್ತೇವೆ. ಪರ್ವ ಮುಗಿದ ವಾರದಲ್ಲೇ ಮನೆಗಳಲ್ಲಿ ಹೆಚ್ಚು ಸಿಡುಕು ಕಾಣುವುದು ನನ್ನೊಬ್ಬನ ಅನುಭವವಾಗಿರಲಾರದು. ಈ ತರ್ಕ ನನಗೆ ಆ ದಿನವೇ ತಾಗಿತು. ಒಳಗಿನದೆಲ್ಲ ಹಸಿಯಾಗಿ ಕಂಡಿತ್ತು. ಮುಂದಿನ ಕ್ಷಮಾವಣಿಯವರೆಗೆ ಕಾದರೆ ಮತ್ತೆ ಕೆಂಪಗಾಗುವುದು ಖಚಿತ.

ಬಾಹುಬಲಿಯು ಗೆದ್ದ ರಾಜ್ಯವನ್ನು ತೊರೆದು ಒಂದು ವರ್ಷ ಕಾಯೋತ್ಸರ್ಗದಲ್ಲಿ ನಿಂತ. ಬಳ್ಳಿ ಹಬ್ಬಿತು, ಹುತ್ತ ಬೆಳೆಯಿತು. ಆದರೂ ಅಣ್ಣನ ಕುರಿತಾದ ಸಣ್ಣದೊಂದು ಶಲ್ಯ ಉಳಿದಿತ್ತು. ಭರತನು ಬಂದು ನಮಿಸಿದ ಮೇಲೆಯೇ ಕೇವಲಜ್ಞಾನ. ಈ ಕಥೆಯನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನಾನು ತಮ್ಮನ ತಪಸ್ಸನ್ನೇ ವರ್ಣಿಸುತ್ತಿದ್ದೆ. ಬಂದವನು ಅಣ್ಣ ಎಂಬುದರ ಮೇಲೆ ಎಂದೂ ಒತ್ತು ಕೊಟ್ಟವನಲ್ಲ.

ನೇರಳೆ ಮಾರ್ಗದ ಮೆಟ್ರೋ 2023ರಲ್ಲಿ ಕೆ.ಆರ್. ಪುರದವರೆಗೆ ಕೂಡಿಕೊಂಡದ್ದರಿಂದ ದೂರದ ನೆಪವೂ ಉಳಿದಿರಲಿಲ್ಲ. ಮರುದಿನ ಫೋನು ಮಾಡದೆ ಹೋದೆ. ತಮ್ಮನೇ ಬಾಗಿಲು ತೆರೆದ. ತಲೆ ನನಗಿಂತ ಹೆಚ್ಚು ನರೆತಿತ್ತು. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದ ವಾಕ್ಯ ಬಾಯಿಗೆ ಬರಲಿಲ್ಲ. ಕೀಲಿಯನ್ನು ಮುಂದೆ ಹಿಡಿದೆ. ಅವನು ಅದನ್ನು ಬಹಳ ಹೊತ್ತು ನೋಡಿ, “ಟ್ಯಾಂಕು ತಳದಲ್ಲಿ ಜಿನುಗ್ತಿತ್ತಲ್ಲ ಅಣ್ಣ, ನೋಡಿದ್ಯಾ?” ಎಂದ.

ಪಾಲಿನ ಮಾತು ಇನ್ನೂ ಮುಗಿದಿಲ್ಲ. ಬರುವ ಭಾನುವಾರ ಅವನು ಗಾಡಿ ಒಯ್ಯಲು ಬರುತ್ತಾನೆ. ಆಗ ಕುಳಿತು ಆಡಬೇಕು.