ಹಳೆಯ ಗಣಕಯಂತ್ರಗಳ ಮೇಲಿನ ಮೋಹ

ಹಳೆಯ ನಾಣ್ಯ, ತಾಳೆಗರಿ, ಅಜ್ಜನ ಕಾಲದ ಕಂಚಿನ ಚೊಂಬು ಇವುಗಳನ್ನು ಕೂಡಿಡುವವನನ್ನು ನಾವು ರಸಿಕನೆಂದೂ ವಿದ್ವಾಂಸನೆಂದೂ ಗೌರವಿಸುತ್ತೇವೆ. ಮೂವತ್ತು ನಲವತ್ತು ವರ್ಷ ಹಿಂದಿನ ಕಂಪ್ಯೂಟರೊಂದನ್ನು ಗುಜರಿಯಿಂದ ಎತ್ತಿ ತಂದು, ಸೋರಿದ ಕೆಪಾಸಿಟರುಗಳನ್ನು ಬದಲಿಸಿ, ಹಳದಿಗಟ್ಟಿದ ಹೊದಿಕೆಗೆ ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಡುವವನನ್ನು ಕಂಡರೆ ಮಾತ್ರ, 'ಇವನಿಗೇನೋ ಹಿಡಿದಿದೆ' ಎಂದು ನಗುತ್ತೇವೆ. ಈ ನಗೆ ಪೂರ್ತಿ ಅಕಾರಣವೆಂದು ನಾನೂ ಹೇಳಲಾರೆ. ಆ ಹವ್ಯಾಸದಲ್ಲಿ ಬಾಲ್ಯದ ಹಂಬಲದ ಪಾಲು ದೊಡ್ಡದು. 1982ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಯಂತ್ರವನ್ನು ಮನೆಯ ಟೆಲಿವಿಷನ್ನಿಗೆ ಜೋಡಿಸಿ, ಟೇಪ್ ರೆಕಾರ್ಡರಿನ ಕೀಚಲು ದನಿಯನ್ನು ಸಂಗೀತದಂತೆ ಆಲಿಸುತ್ತ, ಆಟವೊಂದು ತೆರೆಯ ಮೇಲೆ ಮೂಡಲೆಂದು ಕಾದು ಕುಳಿತ ಹುಡುಗರು ಈಗ ತಲೆ ನರೆತವರು. ಅವರಿಗೆ ಆ ಯಂತ್ರವೆಂದರೆ ತವರುಮನೆ.

ನಮ್ಮ ಸೀಮೆಗೆ ಆ ಬಾಲ್ಯ ಬರಲಿಲ್ಲ. 1984-85ರಲ್ಲಿ ಭಾರತ ಸರ್ಕಾರವು 'ಕ್ಲಾಸ್' ಎಂಬ ಯೋಜನೆಯಡಿ ದೇಶದ ಸುಮಾರು 250 ಶಾಲೆಗಳಿಗೆ ಮೊದಲ ಕಂತಿನಲ್ಲಿ ಬಿಬಿಸಿ ಮೈಕ್ರೊ ಎಂಬ ಗಣಕಯಂತ್ರಗಳನ್ನು ಹಂಚಿತು. ನಾನು ಕಲಿತ ಶಾಲೆ ಆ ಭಾಗ್ಯವಂತರ ಪಟ್ಟಿಯಲ್ಲಿರಲಿಲ್ಲ. ಚಳ್ಳಕೆರೆಯಲ್ಲಿ ನಾವು ಕಂಪ್ಯೂಟರನ್ನು ಕಂಡದ್ದು ಡಿಟಿಪಿ ಅಂಗಡಿಯಲ್ಲಿ. ಮದುವೆಯ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಎಣ್ಣೆ ಗಿರಣಿಗಳ ರಸೀತಿ ಪುಸ್ತಕ ಇವುಗಳ ನಡುವೆ. ಆದಕಾರಣ ನಮ್ಮ ಹಂಬಲವೂ ಬೇರೆ ಬಗೆಯದು. ಅದು ಆಟದ ಹಂಬಲವಲ್ಲ, ಅಕ್ಷರದ ಹಂಬಲ.

ಕನ್ನಡದ ಅಕ್ಷರಗಳು ಆ ಯಂತ್ರದೊಳಕ್ಕೆ ಪ್ರವೇಶಿಸಿದ ಕಥೆ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಒಂದು ಅಧ್ಯಾಯವಾಗಬೇಕಾದುದು. ಕಿನ್ನಿಕಂಬಳ ಪದ್ಮನಾಭರಾಯರು ಕನ್ನಡದ ವರ್ಣಗಳನ್ನು ಧ್ವನಿಗೆ ಅನುಸಾರವಾಗಿ ಕೀಲಿಮಣೆಯ ಮೇಲೆ ಹೊಂದಿಸಿ ಕೊಟ್ಟರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಆ ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ'. ಇವರೆಲ್ಲರ ಉಪಕಾರ ದೊಡ್ಡದು. ಆದರೆ ಆ ಕಾಲದ ತಂತ್ರದಲ್ಲಿ ಒಂದು ತೊಡಕಿತ್ತು. ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳಿಗೆಂದು ಮಾಡಿದ ಮನೆಗಳಲ್ಲಿ ಬಾಡಿಗೆಗೆ ಇರಿಸಿದ್ದರು. ತಕ್ಕ ಫಾಂಟು ಇದ್ದರೆ ಕನ್ನಡ. ಇಲ್ಲವಾದರೆ 'ಕನ್ನಡ' ಎಂಬ ನಮ್ಮ ಪದವೇ ಇಂಗ್ಲಿಷಿನ 'ಪಿ' ಅಕ್ಷರದಿಂದ ಮೊದಲಾಗಿ, ನಡುವೆ ಪೌಂಡು ನಾಣ್ಯದ ಚಿಹ್ನೆಯನ್ನು ಹೊತ್ತು, ಯಾವ ಭಾಷೆಯೂ ಅಲ್ಲದ ವಿಕಾರವಾಗಿ ನಿಲ್ಲುತ್ತದೆ. ಯೂನಿಕೋಡ್ ಬಳಕೆಗೆ ಬಂದ ಮೇಲೆ ನಮ್ಮ ಅಕ್ಷರಗಳಿಗೆ ಸ್ವಂತ ಮನೆ ದೊರೆಯಿತು. ಹಿಂದೆ ಬರೆದುದೆಲ್ಲ ಬಾಡಿಗೆಯ ಮನೆಯಲ್ಲೇ ಉಳಿಯಿತು.

ನಮ್ಮ ಕಾಲೇಜಿನಿಂದ ನಿವೃತ್ತರಾದ ಹಿರಿಯ ಅಧ್ಯಾಪಕರೊಬ್ಬರು ಕೆಲವು ವರ್ಷಗಳ ಹಿಂದೆ ಹನ್ನೊಂದು ಫ್ಲಾಪಿಗಳನ್ನು ನನ್ನ ಕೈಗಿತ್ತರು. ಗೊಲ್ಲರ ಹಟ್ಟಿಗಳನ್ನೂ ಮ್ಯಾಸಬೇಡರ ಹಟ್ಟಿಗಳನ್ನೂ ಸುತ್ತಿ ಅವರು ಬರೆದುಕೊಂಡ ಹಾಡುಗಳು ಅವುಗಳಲ್ಲಿದ್ದವು. ಕೈಬರಹದ ಪುಸ್ತಕಗಳು ಗೆದ್ದಲಿನ ಪಾಲಾಗಿದ್ದವು. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯಂಥವರು ಸಾವಿರಾರು ಹಾಡುಗಳನ್ನು ಯಾವ ಯಂತ್ರದ ಹಂಗೂ ಇಲ್ಲದೆ ಕಂಠದಲ್ಲಿ ಹೊತ್ತು ನಡೆದ ನಾಡು ಇದು. ಆ ಕಂಠಗಳು ಒಂದೊಂದಾಗಿ ಮೌನವಾಗುತ್ತಿರುವಾಗ ಕೈಯಲ್ಲಿ ಉಳಿದದ್ದು ಅಂಗೈಯಗಲದ ಹನ್ನೊಂದು ತಟ್ಟೆಗಳು; ಅವುಗಳನ್ನು ಓದುವ ಯಂತ್ರ ಊರಿನಲ್ಲಿ ಒಂದೂ ಇಲ್ಲ! ಸೋನಿ ಕಂಪನಿಯವರು 2011ರಲ್ಲೇ ಫ್ಲಾಪಿಗಳ ಮಾರಾಟ ನಿಲ್ಲಿಸಿದ್ದರು. ಕಡೆಗೆ ನೆರವಾದವನು, ಹಿಂದೆ ನಾವು ನಕ್ಕೆವಲ್ಲ, ಅಂಥ ಒಬ್ಬ ಹುಚ್ಚನೇ. ನನ್ನ ವಿದ್ಯಾರ್ಥಿಯೊಬ್ಬನ ಅಣ್ಣ. ಬೆಂಗಳೂರಿನ ತನ್ನ ಎರಡು ಕೋಣೆಯ ಮನೆಯಲ್ಲಿ ಒಂದು ಕೋಣೆಯನ್ನು ಹಳೆಯ ಯಂತ್ರಗಳಿಗೇ ಬಿಟ್ಟಿದ್ದಾನೆ. ಎಂಟು ತಟ್ಟೆಗಳನ್ನು ಆತ ತೆರೆದ. ಒಳಗಿದ್ದುದು ನಾನು ಮೇಲೆ ಹೇಳಿದ ವಿಕಾರವೇ. ಸ್ವಯಂಸೇವಕರು ಬರೆದು ಉಚಿತವಾಗಿ ಹಂಚಿರುವ ಪರಿವರ್ತಕವೊಂದರಿಂದ ಅದನ್ನು ಹಾಯಿಸಿದಾಗ, ಅಲ್ಲಲ್ಲಿ ಒತ್ತಕ್ಷರ ತಪ್ಪಿದ್ದರೂ, ಹಾಡುಗಳು ಎದ್ದು ಬಂದವು.

ಇಂಥ ಸಂಕಟ ನಮಗೆ ಮಾತ್ರ ಬಂದುದಲ್ಲ. ಇಂಗ್ಲೆಂಡಿನ ಅರಸನು 1086ರಲ್ಲಿ ಬರೆಸಿದ 'ಡೂಮ್ಸ್‌ಡೇ' ಎಂಬ ಭೂದಾಖಲೆ ಚರ್ಮದ ಹಾಳೆಗಳ ಮೇಲಿದ್ದು ಇಂದಿಗೂ ಓದಬರುತ್ತದೆ. ಅದರ ಒಂಬೈನೂರನೆಯ ವರ್ಷದ ನೆನಪಿಗೆ 1986ರಲ್ಲಿ ಬಿಬಿಸಿಯವರು, ಸುಮಾರು ಹತ್ತು ಲಕ್ಷ ಜನರ ನೆರವಿನಿಂದ, ಹೊಸ ಡೂಮ್ಸ್‌ಡೇ ಒಂದನ್ನು ಲೇಸರ್ ತಟ್ಟೆಗಳ ಮೇಲೆ ಬರೆಸಿದರು. ಓದಲು ಬಿಬಿಸಿ ಮೈಕ್ರೊ ಜಾತಿಯ ಯಂತ್ರವೂ ವಿಶೇಷವಾದ ತಟ್ಟೆಯಾಟದ ಪೆಟ್ಟಿಗೆಯೂ ಬೇಕು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅವು ದುರ್ಲಭವಾದವು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಹೊಸ ಯಂತ್ರಕ್ಕೆ ಹಳೆಯ ಯಂತ್ರದ ವೇಷ ಕಟ್ಟಿ ಅದನ್ನು ಓದಿಸಿದರು. ನಮ್ಮ ಬಯಲಾಟದವರಿಗೆ ಈ ವಿದ್ಯೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಪಾತ್ರಧಾರಿ ಬೇರೆ, ಮಾತು ಮಾತ್ರ ರಾಜನದು. ಆದರೆ ವೇಷ ಕಟ್ಟಲು ಮೂಲರೂಪ ಕಂಡವರಿರಬೇಕು. ನಿಜವಾದ ಯಂತ್ರವೊಂದನ್ನು ಎಲ್ಲಿಯೋ ಒಬ್ಬನು ಉಸಿರಾಡುವಂತೆ ಇಟ್ಟುಕೊಂಡಿದ್ದರೆ ತಾನೆ ಹೋಲಿಸಿ ನೋಡುವುದು?

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಿಗೆ ನಾನು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತೇನೆ. ಅಲ್ಲಿಯ ಅಶೋಕನ ಶಾಸನಗಳನ್ನು 1892ರಲ್ಲಿ ಲೂಯಿ ರೈಸ್ ಪತ್ತೆ ಹಚ್ಚಿದರು. 'ಕಲ್ಲಿನ ಮೇಲೆ ಬರೆದದ್ದು ಉಳಿಯಿತು, ಕಂಪ್ಯೂಟರಿನಲ್ಲಿ ಬರೆದದ್ದು ಅಳಿಯಿತು' ಎಂದು ಹುಡುಗರು ಅಲ್ಲಿ ತಪ್ಪದೆ ಹೇಳುತ್ತಾರೆ. ಅದು ಅರ್ಧ ಸತ್ಯ. ಕಲ್ಲು ಉಳಿದಿದ್ದರೂ ಬ್ರಾಹ್ಮೀ ಲಿಪಿಯನ್ನು ಓದಬಲ್ಲವರು ನೂರಾರು ವರ್ಷ ಒಬ್ಬರೂ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸದೆ ಇದ್ದಿದ್ದರೆ ರೈಸ್ ಸಾಹೇಬರ ಕಣ್ಣಿಗೂ ಅದು ಬರಿಯ ಗೀರಾಗಿಯೇ ಕಾಣುತ್ತಿತ್ತು. ಇನ್ನೂ ಒಂದು ವಿನೋದವಿದೆ. ಶಾಸನ ಬರೆದ ಚಪಡನೆಂಬ ಲಿಪಿಕಾರ ತನ್ನ ಕಸಬಿನ ಹೆಸರನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಈ ಸೀಮೆಯಲ್ಲಿ ಆಗ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಾರು? ಬೇರೆಯವರ ಯಂತ್ರದಲ್ಲಿ ತೆರೆಯದ ಫಾಂಟಿನಲ್ಲಿ ಹೆಸರು ಬರೆದಿಟ್ಟ ಮೊದಲನೆಯ ಆಸಾಮಿ ಆತನೇ ಎಂದು ನಾನು ತಮಾಷೆ ಮಾಡುವುದುಂಟು.

ಆದುದರಿಂದ ಹಳೆಯ ಯಂತ್ರ ಕೂಡಿಡುವವರ ವಿಷಯದಲ್ಲಿ ನನ್ನ ಆಕ್ಷೇಪ ಒಂದೇ: ಅವರು ಆಟಗಳನ್ನು ಉಳಿಸುವಷ್ಟು ಶ್ರದ್ಧೆಯಿಂದ ಕನ್ನಡವನ್ನು ಉಳಿಸುತ್ತಿಲ್ಲ. ಹಳೆಯ ಕನ್ನಡ ಫಾಂಟುಗಳ ತಟ್ಟೆಗಳು, ಪದಸಂಸ್ಕಾರಕಗಳು, ಅಚ್ಚುಕೂಟಗಳ ಕಡತಗಳು ಇವುಗಳನ್ನು ಹುಡುಕುವ ಕೆಲಸ ಇನ್ನೂ ಒಬ್ಬಿಬ್ಬರ ಉತ್ಸಾಹದ ಮೇಲೆ ನಿಂತಿದೆ. ಕಾಲೇಜುಗಳಲ್ಲಿ ಹಳೆಯ ಕಂಪ್ಯೂಟರುಗಳನ್ನು ಹರಾಜು ಹಾಕುವಾಗ ತೂಕ ನೋಡುತ್ತಾರೆ. ಒಳಗೇನಿದೆಯೆಂದು ತೆರೆದು ನೋಡುವ ಪದ್ಧತಿಯಿಲ್ಲ. ನೋಡಿ, ಕನ್ನಡದ್ದೆಲ್ಲವನ್ನೂ ಯೂನಿಕೋಡಿಗೆ ಇಳಿಸಿಕೊಂಡ ಮೇಲೆಯೇ ಹರಾಜು ಎಂಬ ಒಂದು ಸುತ್ತೋಲೆಗೆ ಸರ್ಕಾರಕ್ಕೆ ಖರ್ಚಾಗುವುದು ಒಂದು ಹಾಳೆ. ಚಳ್ಳಕೆರೆಯ ಬಳಿ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ವಿಜ್ಞಾನದ ಅಧ್ಯಾಪಕರು ತರಬೇತಿಗಾಗಿ ಅಲ್ಲಿಗೆ ಬರುತ್ತಾರೆ. ಅಲ್ಲೊಂದು ಕೋಣೆಯಲ್ಲಿ ಹಳೆಯ ಯಂತ್ರಗಳು, ಗಾಜಿನ ಪೆಟ್ಟಿಗೆಯಲ್ಲಿ ಅಲ್ಲ, ನಡೆಯುವ ಸ್ಥಿತಿಯಲ್ಲಿ ಇರಲಿ. ಯಾರ ಮನೆಯಲ್ಲಿ ಫ್ಲಾಪಿಗಳಿವೆಯೋ ಅವರು ತಂದು ತೆರೆಸಿಕೊಳ್ಳಲಿ. ನನ್ನ ಮೇಜಿನಲ್ಲಿ ಇನ್ನೂ ತೆರೆಯದ ಮೂರು ಉಳಿದಿವೆ. ಒಂದರ ಮೇಲೆ 'ಸೋಬಾನೆ, ಎರಡನೆಯ ಭಾಗ' ಎಂದು ನೀಲಿ ಶಾಯಿಯಲ್ಲಿ ಬರೆದಿದೆ.