ಲೆಕ್ಕ ಕೇಳುವವನಿಗೆ ಏನು ಲಾಭ?

ನಮ್ಮ ಸಮಾಜದಲ್ಲಿ ಯಾರಾದರೂ ಎದ್ದು ನಿಂತು ಸಾರ್ವಜನಿಕವಾಗಿ ಪ್ರಶ್ನೆಯೊಂದನ್ನು ಕೇಳಿದರೆ, ಉತ್ತರವನ್ನು ಹುಡುಕುವುದಕ್ಕೆ ಮೊದಲು ನಾವು ಕೇಳಿದವನ ಜಾತಕವನ್ನು ಹುಡುಕುತ್ತೇವೆ. ಇವನಿಗೆ ಇದರಲ್ಲಿ ಏನು ಲಾಭ? ಇವನನ್ನು ಎತ್ತಿಕಟ್ಟಿದವರು ಯಾರು? ಮುಂದಿನ ಸಲ ಸಮಿತಿಗೆ ನಿಲ್ಲುವ ಆಲೋಚನೆಯೇ? ಉದ್ಯೋಗ, ವ್ಯಾಪಾರಗಳನ್ನು ನಂಬಿ ಹೊರನಾಡಿಗೆ ಬಂದ ನಮಗೆ ಲಾಭದ ಪ್ರಶ್ನೆ ಸಹಜವೇ. ಲೆಕ್ಕಪರಿಶೋಧನೆಯನ್ನೇ ವೃತ್ತಿಯಾಗಿ ಮಾಡಿಕೊಂಡ ನಾನು ಅದನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಲಾಭವನ್ನು ಯಾವ ಖಾತೆಯಲ್ಲಿ ನೋಡಬೇಕೆಂಬುದನ್ನು ಮಾತ್ರ ಚರ್ಚಿಸಬೇಕಾಗಿದೆ.

ರಾಜಸ್ಥಾನದ ಒಂದು ಉದಾಹರಣೆಯನ್ನು ನೋಡೋಣ. ರಾಜಸಮಂದ್ ಜಿಲ್ಲೆಯ ದೇವಡುಂಗರಿ ಎಂಬ ಗ್ರಾಮದ ಸುತ್ತಲಿನ ಕೂಲಿಕಾರರು, ಸಣ್ಣ ರೈತರು ಸೇರಿ 1990ರ ಮೇ 1ರಂದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಸಂಘಟನೆಯನ್ನು ಕಟ್ಟಿದರು. ಐ.ಎ.ಎಸ್. ಹುದ್ದೆಯನ್ನು ತೊರೆದು ಬಂದ ಅರುಣಾ ರಾಯ್ ಅವರೊಡನೆ ನಿಂತಿದ್ದರು. ಆದರೆ ಹೋರಾಟದ ಹುಟ್ಟು ಯಾವ ಸಿದ್ಧಾಂತದಲ್ಲಿಯೂ ಇರಲಿಲ್ಲ. ಸರಕಾರಿ ಕಾಮಗಾರಿಗಳಲ್ಲಿ ದುಡಿದವರಿಗೆ ನಿಗದಿಯಾದ ಕನಿಷ್ಠ ಕೂಲಿ ಕೈಸೇರುತ್ತಿರಲಿಲ್ಲ. ಕೇಳಿದರೆ, ನೀವು ಅಷ್ಟು ಕೆಲಸ ಮಾಡಿಲ್ಲವೆಂದು ದಾಖಲೆ ಹೇಳುತ್ತದೆ ಎಂಬ ಉತ್ತರ. ಆ ದಾಖಲೆಯನ್ನು ತೋರಿಸಿ ಎಂದರೆ, ಅದು ಸರಕಾರದ ಗುಪ್ತ ವಿಷಯ!

1994ರ ಡಿಸೆಂಬರ್‌ನಲ್ಲಿ ಕೋಟಕಿರಾನಾ ಎಂಬಲ್ಲಿ ಮೊದಲ ಜನಸುನವಾಯಿ, ಎಂದರೆ ಸಾರ್ವಜನಿಕ ವಿಚಾರಣೆ, ನಡೆಯಿತು. ಇಂತಹ ಸಭೆಗಳಲ್ಲಿ ಮಾಡಿದ ಕೆಲಸ ಬಹಳ ಸರಳವಾದುದು. ಮಸ್ಟರ್ ರೋಲ್, ಬಿಲ್ಲು, ವೋಚರುಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿದರು. ತೀರಿಕೊಂಡವರ ಹೆಸರಿನಲ್ಲಿ ಕೂಲಿ ಪಾವತಿಯಾಗಿತ್ತು. ಊರು ಬಿಟ್ಟು ಹೋದವರ ಹಾಜರಿ ಬಿದ್ದಿತ್ತು. ಮುಗಿಯದ ಕಟ್ಟಡ ಕಾಗದದ ಮೇಲೆ ಮುಗಿದಿತ್ತು. ಯಾವ ಲೆಕ್ಕಪರಿಶೋಧಕನಿಗೂ ಕಚೇರಿಯಲ್ಲಿ ಕುಳಿತು ಇದನ್ನು ಕಂಡುಹಿಡಿಯುವುದು ಸಾಧ್ಯವಿರಲಿಲ್ಲ. ವೋಚರಿಗೂ ನಮೂದಿಗೂ ತಾಳೆಯಾದರೆ ನಮ್ಮ ಪರಿಶೀಲನೆ ಬಹುಮಟ್ಟಿಗೆ ಮುಗಿಯುತ್ತದೆ. ಪಟ್ಟಿಯಲ್ಲಿರುವ ಮನುಷ್ಯ ಜೀವಂತವಿದ್ದಾನೆಯೇ ಎಂಬುದನ್ನು ಬಲ್ಲವರು ನೆರೆಹೊರೆಯವರು. ಅವರು ಬಾಯಿ ತೆರೆಯದಿದ್ದರೆ ಸುಳ್ಳು ಲೆಕ್ಕವೂ ಸರಿಯಾದ ಲೆಕ್ಕವೇ.

1996ರ ಏಪ್ರಿಲ್ 6ರಿಂದ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನಗಳ ಧರಣಿ ನಡೆಯಿತು. ಸಂಘಟನೆಯ ಒಬ್ಬ ಗ್ರಾಮೀಣ ಮಹಿಳೆ ಆ ಕಾಲದಲ್ಲಿ ಕೊಟ್ಟ ಉತ್ತರವನ್ನು ಇಂದಿಗೂ ಸ್ಮರಿಸುತ್ತಾರೆ: ಮಗನ ಕೈಗೆ ಹತ್ತು ರೂಪಾಯಿ ಕೊಟ್ಟು ಪೇಟೆಗೆ ಕಳುಹಿಸಿದರೆ ಹಿಂದಿರುಗಿದ ಮೇಲೆ ಲೆಕ್ಕ ಕೇಳುತ್ತೇನೆ, ನನ್ನ ಹೆಸರಿನಲ್ಲಿ ಕೋಟ್ಯಂತರ ರೂಪಾಯಿ ಖರ್ಚು ಮಾಡುವ ಸರಕಾರವನ್ನು ಕೇಳಬಾರದೇ ಎಂಬುದು ಅದರ ಅಭಿಪ್ರಾಯ. ಈ ತರ್ಕವೇ ಬೆಳೆದು 2005ರ ಅಕ್ಟೋಬರ್ 12ರಂದು ಜಾರಿಗೆ ಬಂದ ಮಾಹಿತಿ ಹಕ್ಕು ಅಧಿನಿಯಮಕ್ಕೆ ಬಲವಾಯಿತು. ಆಕೆಗೆ ದೊರೆತ ಲಾಭವೇನು ಎಂದು ಕೇಳುವವರು, ಹತ್ತು ರೂಪಾಯಿಯ ಅರ್ಜಿ ಬರೆದು ಕೇಂದ್ರ ಸರಕಾರದ ಕಚೇರಿಯಿಂದ ಮಾಹಿತಿ ಪಡೆದ ಪ್ರತಿಯೊಬ್ಬರನ್ನೂ ಆ ಲಾಭದ ಪಾಲುದಾರರೆಂದು ಬರೆದುಕೊಳ್ಳಬೇಕು.

ಮಾತಿಗೆ ಬೆಲೆಯೂ ಉಂಟು. ಭೂಹಗರಣಗಳನ್ನು ಮಾಹಿತಿ ಹಕ್ಕಿನ ಮೂಲಕ ಬಯಲಿಗೆಳೆದ ಸತೀಶ್ ಶೆಟ್ಟಿಯವರನ್ನು 2010ರ ಜನವರಿ 13ರಂದು, ಪುಣೆಯ ಸಮೀಪದ ತಳೇಗಾಂವ್‌ನಲ್ಲಿ, ಬೆಳಗಿನ ನಡಿಗೆಗೆ ಹೊರಟಿದ್ದಾಗ ಕೊಲೆ ಮಾಡಲಾಯಿತು. ಆದುದರಿಂದ ಎಲ್ಲರೂ ಬೀದಿಗಿಳಿಯಲಿ ಎಂದು ನಾನು ಸಲೀಸಾಗಿ ಬರೆಯಲಾರೆ. ಆದರೆ ಕೇಳುವವನು ಒಬ್ಬನೇ ಆಗಿದ್ದಾಗ ಅಪಾಯ ಹೆಚ್ಚು, ನೂರು ಮಂದಿ ಕೇಳಿದಾಗ ಕಡಿಮೆ. ನಮ್ಮ ಮೌನವು ಕೇಳುವವನನ್ನು ಒಂಟಿಯಾಗಿಸುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಮಾಹಿತಿ ಹಕ್ಕಿನ ಒಂದು ಉಪಬಂಧವನ್ನು ಬದಲಿಸಿ, ವೈಯಕ್ತಿಕ ಮಾಹಿತಿ ಎಂಬ ಕಾರಣವೊಂದರಿಂದಲೇ ನಿರಾಕರಿಸುವ ದಾರಿಯನ್ನು ವಿಸ್ತರಿಸಿದೆ. ಸಾರ್ವಜನಿಕ ಹಿತಾಸಕ್ತಿಗಾಗಿ ಮಾಹಿತಿ ನೀಡಬಹುದೆಂಬ ಬೇರೊಂದು ಉಪಬಂಧ ಉಳಿದಿದೆ, ನಿಜ. ಆದರೆ ಕೂಲಿಕಾರರ ಹೆಸರುಗಳಿರುವ ಮಸ್ಟರ್ ರೋಲ್ ವೈಯಕ್ತಿಕ ಮಾಹಿತಿ ಎಂದು ನಾಳೆ ಒಬ್ಬ ಅಧಿಕಾರಿ ಹೇಳಿದರೆ, ಹೋರಾಟ ಮತ್ತೆ 1994ಕ್ಕೆ ಮರಳುತ್ತದೆ. ಇದರ ಬಗ್ಗೆ ನಮ್ಮ ಸಂಘಗಳ ಸಭೆಗಳಲ್ಲಿ ಒಂದು ಮಾತನ್ನಾದರೂ ಆಡಿದ್ದೇವೆಯೇ?

ನಾವು ಅಲ್ಪಸಂಖ್ಯಾತರು, ನಮ್ಮ ಮಾತನ್ನು ಯಾರು ಕೇಳುತ್ತಾರೆ ಎಂಬುದು ಸಾಮಾನ್ಯವಾದ ಸಬೂಬು. 2011ರ ಜನಗಣತಿಯಂತೆ ದೇಶದಲ್ಲಿ ಜೈನರ ಪ್ರಮಾಣ ಶೇಕಡಾ 0.4ರಷ್ಟು. ಅಷ್ಟೇ ಜನರ ಮಾತು 2023ರ ಜನವರಿಯಲ್ಲಿ ದೆಹಲಿಗೆ ಕೇಳಿಸಿತು. ಪಾರಸನಾಥ ಅಭಯಾರಣ್ಯದ ಸುತ್ತಲಿನ ಪರಿಸರ ಸೂಕ್ಷ್ಮ ವಲಯದಲ್ಲಿ ಪ್ರವಾಸೋದ್ಯಮಕ್ಕೆ ಅವಕಾಶವಿತ್ತ 2019ರ ಅಧಿಸೂಚನೆಯ ವಿರುದ್ಧ ಮುಂಬಯಿ, ದೆಹಲಿ, ಅಹಮದಾಬಾದ್‌ಗಳಲ್ಲಿ ಶ್ರಾವಕ ಶ್ರಾವಿಕೆಯರು ಬೀದಿಗಿಳಿದರು. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿ ವಿಹಾರತಾಣವಾಗಬಾರದೆಂಬ ಸಂಕಟ ಅವರದು. ಜನವರಿ 5ರಂದು ಕೇಂದ್ರವು ಆ ಅವಕಾಶಕ್ಕೆ ತಡೆ ನೀಡಿತು. ಮೆರವಣಿಗೆಯಲ್ಲಿ ನಡೆದ ಅಜ್ಜಿಯನ್ನು ನಮ್ಮಲ್ಲಿ ಯಾರೂ, ನಿಮಗೆ ಇದರಲ್ಲಿ ಏನು ಲಾಭ ಎಂದು ಕೇಳಲಿಲ್ಲ. ತನ್ನದೆಂದು ನಂಬಿದುದು ಕೈತಪ್ಪುವಾಗ ಸಾಮಾನ್ಯ ಮನುಷ್ಯ ಮಾತಾಡುತ್ತಾನೆ ಎಂಬುದು ನಮಗೆ ತಿಳಿದೇ ಇತ್ತು.

ಅದೇ ಜನವರಿಯಲ್ಲಿ ಸಂತಾಲ ಆದಿವಾಸಿಗಳೂ ಮಾತಾಡಿದರು. ಅದೇ ಬೆಟ್ಟ ಅವರಿಗೆ ಮರಾಂಗ್ ಬುರು, ಪರಮ ಪವಿತ್ರ ಸ್ಥಾನ. ಹೊಸ ನಿರ್ಬಂಧಗಳಿಂದ ತಮ್ಮ ಪರಂಪರಾಗತ ಆಚರಣೆಗಳಿಗೆ ಅಡ್ಡಿಯಾಗುವುದೆಂಬುದು ಅವರ ಆತಂಕ. ಅವರ ಮೆರವಣಿಗೆಯನ್ನು ಕಂಡು ನಮ್ಮವರಲ್ಲಿ ಕೆಲವರು ಕೇಳಿದ ಮೊದಲ ಪ್ರಶ್ನೆ, ಇವರನ್ನು ಎತ್ತಿಕಟ್ಟಿದವರು ಯಾರು ಎಂಬುದು! ಅನೇಕಾಂತವನ್ನು ಉಪನ್ಯಾಸಗಳಲ್ಲಿ ಕೊಂಡಾಡುವ ನಾವು, ನಮ್ಮ ಧ್ವನಿ ಹೃದಯದಿಂದ ಬಂದುದು, ಅವರ ಧ್ವನಿ ಮಾತ್ರ ಯಾರೋ ಹೇಳಿಕೊಟ್ಟುದು ಎಂದು ಭಾವಿಸುವುದು ಏಕಾಂತವಲ್ಲದೆ ಮತ್ತೇನು? ಅವರ ಬೇಡಿಕೆಯನ್ನೆಲ್ಲ ಒಪ್ಪಬೇಕೆಂದಿಲ್ಲ. ಅವರೊಡನೆ ಕುಳಿತು ಕೇಳುವ ಕರ್ತವ್ಯ ಮಾತ್ರ ನಮ್ಮ ಮೇಲಿದೆ.

ಹಿತ, ಮಿತ, ಪ್ರಿಯ ವಚನವೇ ನಮ್ಮ ಧರ್ಮ, ಸಾರ್ವಜನಿಕ ವಾದ ನಮಗೆ ಸಲ್ಲದು ಎಂಬ ಆಕ್ಷೇಪವನ್ನು ಹಿರಿಯರು ಎತ್ತುತ್ತಾರೆ. ಭಾಷಾ ಸಮಿತಿಯು ಎಚ್ಚರದಿಂದ ಮಾತಾಡಬೇಕೆನ್ನುತ್ತದೆ. ಅನ್ಯಾಯವನ್ನು ಕಂಡೂ ಬಾಯಿ ಮುಚ್ಚಿರಬೇಕೆನ್ನುವುದಿಲ್ಲ. ಹಿತವೆಂಬ ಪದ ಮೊದಲು ಬಂದಿದೆ. ದಾಖಲೆಯನ್ನು ಇದ್ದಂತೆ ಓದುವುದು, ವ್ಯಕ್ತಿನಿಂದೆಯಿಲ್ಲದೆ ಪ್ರಶ್ನಿಸುವುದು, ಉತ್ತರವನ್ನು ಪೂರ್ತಿಯಾಗಿ ಆಲಿಸುವುದು ಮಿತವಾದ ಮಾತೇ ಆಗಿದೆ.

ಅಭ್ಯಾಸವನ್ನು ಮನೆಯಿಂದಲೇ ಆರಂಭಿಸಬಹುದು. ನಮ್ಮ ಅನೇಕ ಸಂಘಗಳ ವಾರ್ಷಿಕ ಸಭೆಯಲ್ಲಿ, ಊಟದ ಹೊತ್ತು ಸಮೀಪಿಸಿದಾಗ, ಲೆಕ್ಕಪತ್ರವನ್ನು ಓದಿದ್ದೆಂದು ಭಾವಿಸಿ ಮಂಜೂರು ಮಾಡುವ ರೂಢಿಯಿದೆ. ಬಸದಿಯ ಜೀರ್ಣೋದ್ಧಾರಕ್ಕೆ, ವಿದ್ಯಾರ್ಥಿವೇತನಕ್ಕೆ, ಚಾತುರ್ಮಾಸಕ್ಕೆ ಬಂದ ಹಣ ಯಾವ ತಲೆಬರಹದಲ್ಲಿ ಖರ್ಚಾಯಿತೆಂಬುದನ್ನು ಈ ವರ್ಷ ಗಟ್ಟಿಯಾಗಿ ಓದಿಸೋಣ. ಅರ್ಧ ಗಂಟೆ ಸಾಕು. ಲೆಕ್ಕ ಶುದ್ಧವಾಗಿದ್ದರೆ ಪದಾಧಿಕಾರಿಗಳ ಗೌರವ ಹೆಚ್ಚುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತ ಒಬ್ಬ ತಾಯಿ, ಶ್ರಾವಕರ ಒಬ್ಬ ಕಾಲೇಜು ಓದುವ ಮಗ ಎದ್ದು ಪ್ರಶ್ನೆ ಕೇಳಿದರೆ ಅವರ ಉದ್ದೇಶವನ್ನು ಶೋಧಿಸದೆ, ಸಂಬಂಧಪಟ್ಟ ವೋಚರನ್ನು ತೆರೆದು ತೋರಿಸೋಣ.